ಸೊಪ್ಪು ಸೊಂಪಾಗಿದ್ದರೆ ಸಾಲದು: ಮಣ್ಣಿನ ಭಾರಲೋಹ ತಿಳಿದುಕೊಂಡು ತರಕಾರಿ ಬೆಳೆಯುವುದು ಹೇಗೆ?

ಕೆಂಗೇರಿ ದಾಟಿ ಬಿಡದಿ ಕಡೆ ಹೋಗುವಾಗ ವೃಷಭಾವತಿ ನದಿಯ ಆಸುಪಾಸಿನ ಹೊಲಗಳನ್ನು ಗಮನಿಸಿ. ನೀರು ಕಪ್ಪಗಿರುತ್ತದೆ, ನೊರೆ ಇರುತ್ತದೆ, ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಆದರೆ ಆ ನೀರು ಕುಡಿದ ಬೆಳೆ ಕಡುಹಸಿರಾಗಿ ಸೊಕ್ಕಿ ನಿಂತಿರುತ್ತದೆ. ಇದರಲ್ಲಿ ಆಶ್ಚರ್ಯ ಏನಿಲ್ಲ. ಊರಿನ ಮೋರಿ ನೀರಿನಲ್ಲಿ ಸಾರಜನಕ, ರಂಜಕ ಧಾರಾಳವಾಗಿರುತ್ತದೆ. ಗೊಬ್ಬರ ಹಾಕದೆಯೂ ಸೊಪ್ಪು ಚೆನ್ನಾಗಿ ಬರುತ್ತದೆ. ಅದೇ ನೀರಿನಲ್ಲಿ ಕಾರ್ಖಾನೆಗಳ ಕ್ರೋಮಿಯಂ, ನಿಕಲ್, ಸೀಸ, ಕ್ಯಾಡ್ಮಿಯಂ ಕೂಡ ಬರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ.

ಇಂಥ ಭಾರಲೋಹಗಳ ವಿಷಯದಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಇದೇ. ಗಿಡ ನೋಡಿ ಮಣ್ಣು ಒಳ್ಳೆಯದೋ ಕೆಟ್ಟದ್ದೋ ಹೇಳೋಕೆ ಆಗಲ್ಲ. ತಾಮ್ರ, ಸತು, ನಿಕಲ್ ಮಿತಿ ಮೀರಿದರೆ ಗಿಡವೇ ಸೊರಗುತ್ತದೆ. ಎಲೆಯ ನರಗಳ ನಡುವೆ ಹಳದಿ ಬರುತ್ತದೆ, ಬೇರು ಮೋಟಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಹುರುಳಿಕಾಯಿ ಗಿಡ ಕಿತ್ತು ನೋಡಿದರೆ ಬೇರಿನ ಗಂಟುಗಳು ಕಡಿಮೆ ಇರುತ್ತವೆ, ಇದ್ದರೂ ಒಳಗೆ ಗುಲಾಬಿ ಬಣ್ಣ ಇರುವುದಿಲ್ಲ. ಆ ಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಲೋಹ ತಡೆಯುವ ಶಕ್ತಿ ಕಡಿಮೆ. ಆದರೆ ಇವೇ ಲಕ್ಷಣಗಳು ಬೇರೆ ಕಾರಣಕ್ಕೂ ಬರುತ್ತವೆ. ಇನ್ನು ಕ್ಯಾಡ್ಮಿಯಂ ವಿಷಯ ಬೇರೆಯೇ. ಗಿಡಕ್ಕೆ ಏನೂ ಆಗದಷ್ಟು ಕಡಿಮೆ ಪ್ರಮಾಣದಲ್ಲೇ ಅದು ಮನುಷ್ಯನಿಗೆ ಅಪಾಯದ ಮಟ್ಟ ಮುಟ್ಟಿಬಿಡುತ್ತದೆ.

ಎರಡನೆಯದು, ಲೋಹ ಕೊಳೆಯುವುದಿಲ್ಲ. ಕೀಟನಾಶಕ ನಿಧಾನವಾಗಿಯಾದರೂ ಒಡೆದುಹೋಗುತ್ತದೆ. ಸೀಸ ಸೀಸವಾಗಿಯೇ ಉಳಿಯುತ್ತದೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು. ಅದಕ್ಕೂ ಮುಂಚೆ ಹೊಗೆಯಲ್ಲಿ ಬಂದು ಹಳೆಯ ರಸ್ತೆಗಳ ಪಕ್ಕ ಕೂತ ಸೀಸದ ಬಹುಪಾಲು ಇಂದಿಗೂ ಅಲ್ಲಲ್ಲೇ ಮೇಲ್ಮಣ್ಣಿನಲ್ಲಿದೆ.

ಮೊದಲು ಜಾಗದ ಪೂರ್ವಾಪರ ವಿಚಾರಿಸಿ

ಲ್ಯಾಬಿಗೆ ದುಡ್ಡು ಕೊಡುವ ಮುಂಚೆ ಹತ್ತಿರದ ಹಿರಿಯರನ್ನು ಕೇಳಿ. ಈ ಸೈಟಿನಲ್ಲಿ ಮೊದಲು ಏನಿತ್ತು? ಗ್ಯಾರೇಜ್, ಬ್ಯಾಟರಿ ಅಂಗಡಿ, ಗುಜರಿ ಅಂಗಡಿ, ಪೇಂಟ್ ಗೋಡೌನ್, ಲೋಹಕ್ಕೆ ಲೇಪ ಹಾಕುವ ಸಣ್ಣ ಶೆಡ್ ಇತ್ತೇ? ಕಸ ಸುಡುತ್ತಿದ್ದರೇ? ಕೇಬಲ್ ಸುಟ್ಟು ತಾಮ್ರ ತೆಗೆಯುತ್ತಿದ್ದರೇ? ಹಳೇ ಮನೆ ಕೆಡವಿದ ಮಣ್ಣು ತುಂಬಿದ್ದಾರೇ? ಹಳೆಯ ಕಿಟಕಿ ಬಾಗಿಲಿನ ಪೇಂಟ್ ಚೂರು ಬಿದ್ದ ಜಾಗ ಸೀಸಕ್ಕೆ ತವರುಮನೆ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ.

ಕೆರೆಗೋಡಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಬೇಸಿಗೆಯಲ್ಲಿ ಕೆರೆಯ ಹೂಳು ತಂದು ಹೊಲಕ್ಕೆ ಹಾಕುವುದು ನಮ್ಮ ಹಳೇ ಪದ್ಧತಿ, ಬಹಳ ಒಳ್ಳೆಯ ಪದ್ಧತಿ. ಹಳ್ಳಿಯ ಮಳೆನೀರಿನ ಕೆರೆಯಾದರೆ ಇವತ್ತಿಗೂ ಹಾಕಿ. ಆದರೆ ಬೆಂಗಳೂರಿನ ರಾಜಕಾಲುವೆಗಳು ಬಂದು ಬೀಳುವ ಕೆರೆಯ ಹೂಳು ಹಾಗಲ್ಲ. ನೀರಿನಲ್ಲಿ ಬಂದ ಲೋಹ ಜೇಡಿಗೆ, ಸಾವಯವ ಕೆಸರಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತದೆ. ವರ್ಷಗಟ್ಟಲೆ ಕೂತಿದ್ದು ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ನಿಮ್ಮ ತೋಟಕ್ಕೆ ಬರುತ್ತದೆ. ಪರೀಕ್ಷೆ ಆಗದ ನಗರದ ಕೆರೆ ಹೂಳನ್ನು ತರಕಾರಿ ಪಾತಿಗೆ ಹಾಕಲೇಬೇಡಿ. ಪುಕ್ಕಟೆ ಸಿಕ್ಕರೂ ಬೇಡ.

ತಾರಸಿ ತೋಟದವರೂ ಸ್ವಲ್ಪ ನೋಡಿಕೊಳ್ಳಿ. ಕೆಮಿಕಲ್ ತುಂಬಿದ್ದ ಡ್ರಮ್ಮು, ಹಳೇ ಟೈರು, ಬಣ್ಣ ಉದುರುವ ತಗಡಿನ ಡಬ್ಬ ಇವು ಕುಂಡವಾಗುವುದು ಬೇಡ. ಕಸ ಸುಟ್ಟ ಬೂದಿಯೂ ಬೇಡ. ಸೌದೆ ಒಲೆಯ ಬೂದಿ ಪರವಾಗಿಲ್ಲ, ಆದರೆ ಆ ಸೌದೆ ಪೇಂಟ್ ಹೊಡೆದ ಹಳೇ ಮರ ಆಗಿರಬಾರದು.

ಮಣ್ಣು ತೆಗೆಯುವ ಕ್ರಮ

ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

1. ಜಾಗವನ್ನು ಅದರ ಚರಿತ್ರೆ ನೋಡಿ ಭಾಗ ಮಾಡಿ. ರಸ್ತೆ ಪಕ್ಕದ ಅಂಚು ಒಂದು, ಹಳೇ ಗೋಡೆಯ ಬುಡ ಒಂದು, ಕಾಲುವೆ ನೀರು ಮೊದಲು ಬೀಳುವ ಮೂಲೆ ಒಂದು, ಉಳಿದದ್ದು ಒಂದು. ಇವನ್ನು ಬೆರೆಸಬೇಡಿ. ಬೆರೆಸಿದರೆ ಕೆಟ್ಟ ಮೂಲೆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

2. ಒಂದೊಂದು ಭಾಗದಲ್ಲಿ ಅಂಕುಡೊಂಕಾಗಿ ನಡೆದು 8–10 ಕಡೆ ಗುರುತು ಮಾಡಿ. ಮೇಲಿನ ಕಸಕಡ್ಡಿ ಸರಿಸಿ, ವಿ ಆಕಾರದ ಗುಂಡಿ ತೋಡಿ, ಅಂಚಿನಿಂದ 15 ಸೆಂ.ಮೀ. ಆಳದವರೆಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳಿ.

3. ತುಕ್ಕು ಹಿಡಿದ ಗುದ್ದಲಿ, ಸತು ಲೇಪದ ಬಕೆಟ್ ಬೇಡ. ಸ್ಟೀಲ್ ಕುರ್ಪಿ ಅಥವಾ ಮರದ ತುಂಡು, ಪ್ಲಾಸ್ಟಿಕ್ ಬಕೆಟ್ ಸಾಕು.

4. ಒಂದೇ ಭಾಗದ 8–10 ಕಡೆಯ ಮಣ್ಣನ್ನು ಬಕೆಟ್ಟಿನಲ್ಲಿ ಬೆರೆಸಿ, ದುಂಡಗೆ ಹರಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ, ಹೊಸ ಪ್ಲಾಸ್ಟಿಕ್ ಕವರಿಗೆ ತುಂಬಿ, ಜಾಗ, ತಾರೀಖು, ಆಳ ಬರೆದ ಚೀಟಿ ಇಡಿ.

ಮಕ್ಕಳು ಆಡುವ ಜಾಗವಿದ್ದರೆ ಅಲ್ಲಿ ಮೇಲಿನ 2–3 ಸೆಂ.ಮೀ. ಮಣ್ಣನ್ನು ಬೇರೆಯಾಗಿ ತೆಗೆಯಿರಿ. ಸೀಸ ಹೆಚ್ಚಾಗಿ ಅಷ್ಟರಲ್ಲೇ ಇರುತ್ತದೆ. ಕೈಗೆ, ಬಾಯಿಗೆ ಹೋಗುವುದೂ ಅದೇ ಮಣ್ಣು.

ಲ್ಯಾಬಿನಲ್ಲಿ ಏನು ಕೇಳಬೇಕು

ಬಹಳ ಜನ ಮೋಸ ಹೋಗುವುದು ಇಲ್ಲೇ. "ಮಣ್ಣು ಪರೀಕ್ಷೆ ಆಗಿದೆ, ಎಲ್ಲಾ ಸರಿ ಇದೆ" ಎಂದು ಮಣ್ಣು ಆರೋಗ್ಯ ಚೀಟಿ ತೋರಿಸುತ್ತಾರೆ. 2015ರಲ್ಲಿ ಶುರುವಾದ ಆ ಚೀಟಿಯಲ್ಲಿ 12 ಅಂಶಗಳಿವೆ: ರಸಸಾರ (ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ ಇಲ್ಲ. ಕ್ಯಾಡ್ಮಿಯಂ ಇಲ್ಲ. ಕ್ರೋಮಿಯಂ, ನಿಕಲ್, ಆರ್ಸೆನಿಕ್ ಯಾವುದೂ ಇಲ್ಲ. ಗೊಬ್ಬರ ಎಷ್ಟು ಹಾಕಬೇಕು ಅಂತ ತಿಳಿಯಲು ಮಾಡಿದ ಚೀಟಿ ಅದು. ಆ ಕೆಲಸಕ್ಕೆ ಚೆನ್ನಾಗಿದೆ, ಈ ಕೆಲಸಕ್ಕೆ ಬರಲ್ಲ.

ಹಾಗಾಗಿ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಹೋಗಿ ಬಾಯಿಬಿಟ್ಟು ಕೇಳಿ: "ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಆರ್ಸೆನಿಕ್ ಬೇಕು. ಒಟ್ಟು ಪ್ರಮಾಣ ಬೇಕು. ಜೊತೆಗೆ ರಸಸಾರ ಮತ್ತು ಸಾವಯವ ಇಂಗಾಲ." ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಅಳೆದರೆ ಒಟ್ಟು ಪ್ರಮಾಣ ಸಿಗುತ್ತದೆ. ಡಿಟಿಪಿಎ ಎಂಬ ರಾಸಾಯನಿಕ ಬಳಸುವ ವಿಧಾನದಲ್ಲಿ ಗಿಡಕ್ಕೆ ಸಿಗುವಷ್ಟು ಭಾಗ ಮಾತ್ರ ಬರುತ್ತದೆ, ಅದು ಸಣ್ಣ ಅಂಕಿ. ಇದನ್ನು ತೆಗೆದುಕೊಂಡು ಒಟ್ಟು ಪ್ರಮಾಣದ ಮಿತಿಗೆ ಹೋಲಿಸಿದರೆ ವಿಷದ ಮಣ್ಣೂ ಶುದ್ಧವಾಗಿ ಕಾಣುತ್ತದೆ. ದುಡ್ಡು ಕಡಿಮೆ ಇದ್ದರೆ ಎಲ್ಲ ಭಾಗಕ್ಕೂ ಬೇಡ. ಅನುಮಾನ ಜಾಸ್ತಿ ಇರುವ ಮೂಲೆಯಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಎರಡನ್ನಾದರೂ ಮಾಡಿಸಿ.

"ನೀರನ್ನೇ ಪರೀಕ್ಷೆ ಮಾಡಿಸಿದರೆ ಸಾಕಲ್ವಾ?" ಸಾಲದು. ಕಾಲುವೆಯ ನೀರು ಗಂಟೆಗೊಂದು ಥರ ಇರುತ್ತದೆ. ಬೆಳಿಗ್ಗೆ ಹಿಡಿದ ಬಾಟಲಿಗೆ ರಾತ್ರಿ ಬಿಟ್ಟ ತ್ಯಾಜ್ಯದ ಸುದ್ದಿ ಗೊತ್ತಿರುವುದಿಲ್ಲ. ಮಣ್ಣು ಅಷ್ಟೂ ವರ್ಷದ್ದನ್ನು ಹಿಡಿದಿಟ್ಟುಕೊಂಡಿರುತ್ತದೆ.

ವರದಿ ಓದುವಾಗ

ಅಂಕಿ ಬರುವುದು ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಪಿಪಿಎಂ ಎಂದರೂ ಅದೇ. ಮಾಮೂಲಿ ಮಣ್ಣಿನಲ್ಲಿ ಸೀಸ ಸುಮಾರು 10ರಿಂದ 50ರ ಒಳಗೆ, ಕ್ಯಾಡ್ಮಿಯಂ 1ಕ್ಕಿಂತ ಕಡಿಮೆ ಇರುತ್ತದೆ. ನಮ್ಮ ದೇಶದ ಸಂಶೋಧಕರು ಸಾಮಾನ್ಯವಾಗಿ ಬಳಸುವ ಮಿತಿ ಕ್ಯಾಡ್ಮಿಯಂಗೆ 3–6, ಸೀಸಕ್ಕೆ 250–500, ನಿಕಲ್‌ಗೆ 75–150. ಯುರೋಪಿನಲ್ಲಿ ಚರಂಡಿ ಕೆಸರು ಹಾಕುವ ಹೊಲಗಳಿಗೆ ಇಟ್ಟ ಮಿತಿ ಇನ್ನೂ ಬಿಗಿ: ಕ್ಯಾಡ್ಮಿಯಂ 1–3, ಸೀಸ 50–300, ನಿಕಲ್ 30–75. ಅಮೆರಿಕದವರು ಮನೆಯಂಗಳದ ಸೀಸದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 400ರಿಂದ 200ಕ್ಕೆ ಇಳಿಸಿದರು. ನನ್ನ ಸಲಹೆ ಕೇಳುವುದಾದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೀಸ 100 ದಾಟಿದ ಮಣ್ಣಿನಲ್ಲಿ ಸೊಪ್ಪು, ಗೆಡ್ಡೆ ಬೆಳೆಯಬೇಡಿ. ಕ್ಯಾಡ್ಮಿಯಂ 1 ದಾಟಿದರೂ ಅಷ್ಟೇ. ಮೇಲಿನ ಮಿತಿಯ ತನಕ ಕಾಯುವ ಅಗತ್ಯ ಏನಿದೆ?

ತರಕಾರಿಯನ್ನೇ ಪರೀಕ್ಷೆಗೆ ಕೊಟ್ಟಿದ್ದರೆ ಒಂದು ಸಣ್ಣ ವಿಷಯ ನೋಡಿ. ಅಂಕಿ ಹಸಿ ತೂಕದ್ದೋ ಒಣ ತೂಕದ್ದೋ? ಸೊಪ್ಪಿನಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ಒಣ ತೂಕದಲ್ಲಿ 3 ಎಂದು ಬಂದ ಸೀಸ, ಹಸಿ ತೂಕದಲ್ಲಿ ಸುಮಾರು 0.3. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಸೊಪ್ಪಿನಲ್ಲಿ ಸೀಸದ ಮಿತಿ 0.3, ಕ್ಯಾಡ್ಮಿಯಂ ಮಿತಿ 0.2. ಗೆಡ್ಡೆಗಳಲ್ಲಿ ಎರಡಕ್ಕೂ 0.1. ಇವೆಲ್ಲ ಹಸಿ ತೂಕಕ್ಕೆ. ಈ ಒಂದು ಗೊಂದಲದಿಂದ ಸುಮ್ನೆ ಹೆದರಿದವರೂ ಇದ್ದಾರೆ, ಹೆದರಬೇಕಾದ ಕಡೆ ನಿಶ್ಚಿಂತೆಯಿಂದ ಇದ್ದವರೂ ಇದ್ದಾರೆ.

ಏನು ಬೆಳೆಯಬೇಕು, ಏನು ಬಿಡಬೇಕು

ಮಣ್ಣು ಸ್ವಲ್ಪ ಕೆಟ್ಟಿದೆ, ಪೂರ್ತಿ ಅಲ್ಲ ಎಂದಾದರೆ ಬೆಳೆ ಬದಲಿಸುವುದೇ ಎಲ್ಲಕ್ಕಿಂತ ಸುಲಭದ ದಾರಿ. ಗಿಡದ ಯಾವ ಭಾಗ ತಿನ್ನುತ್ತೇವೆ ಅನ್ನುವುದು ಮುಖ್ಯ.

ಜಾಸ್ತಿ ಲೋಹ ಸೇರುವುದು ಸೊಪ್ಪಿನಲ್ಲಿ. ಪಾಲಕ್, ದಂಟು, ಹರಿವೆ, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಎಲ್ಲ ಈ ಗುಂಪಿನವು. ಪಾಲಕ್ ಅಂತೂ ಕ್ಯಾಡ್ಮಿಯಂ ಹೀರುವುದರಲ್ಲಿ ಮುಂದು. ಕ್ಯಾಡ್ಮಿಯಂ ರಾಸಾಯನಿಕವಾಗಿ ಸತುವಿನ ಹತ್ತಿರದ ನೆಂಟ. ಸತು, ಕಬ್ಬಿಣ ಒಳಗೆ ಬರಲೆಂದು ಬೇರಿನಲ್ಲಿರುವ ದಾರಿಯಲ್ಲೇ ಇದೂ ನುಗ್ಗಿ ಎಲೆಯವರೆಗೆ ಏರುತ್ತದೆ. ಆಮೇಲೆ ಗೆಡ್ಡೆಗಳು: ಮೂಲಂಗಿ, ಕ್ಯಾರೆಟ್, ಬೀಟ್ರೂಟ್. ಇವು ಮಣ್ಣಿನಲ್ಲೇ ಕೂತಿರುವುದರಿಂದ ಸಿಪ್ಪೆಗೆ ಸೀಸ ಅಂಟುತ್ತದೆ. ಹಣ್ಣು, ಕಾಯಿಗಳಲ್ಲಿ ಸಾಮಾನ್ಯವಾಗಿ ಕಡಿಮೆ: ಟೊಮೆಟೊ, ಹೀರೆ, ಪಡವಲ, ಸೋರೆ, ಹುರುಳಿಕಾಯಿ, ಅವರೆ, ಮುಸುಕಿನ ಜೋಳ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಮಣ್ಣು ತೀರಾ ಕೆಟ್ಟಿದ್ದರೆ ಬದನೆಯಂಥ ಕಾಯಿಗೂ ಕ್ಯಾಡ್ಮಿಯಂ ಬರುತ್ತದೆ.

ಸೀಸದ ದಾರಿ ಬೇರೆ. ಅದು ಮಣ್ಣಿನ ರಂಜಕಕ್ಕೆ, ಸಾವಯವ ಅಂಶಕ್ಕೆ, ಬೇರಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಿಡದೊಳಗೆ ಏರುವುದು ಕಡಿಮೆ. ನಮ್ಮ ತಟ್ಟೆಗೆ ಬರುವುದು ಹೆಚ್ಚಾಗಿ ಧೂಳಾಗಿ, ಕೆಸರಾಗಿ. ಜೋರು ಮಳೆ ನಿಂತ ಮೇಲೆ ಪಾಲಕ್ ಎಲೆಯನ್ನು ಮಗುಚಿ ನೋಡಿ. ತಳಭಾಗದಲ್ಲಿ ನರದ ಸಂದಿಗೆಲ್ಲ ಕೆಂಪು ಮಣ್ಣಿನ ಸಣ್ಣ ಹನಿಗಳು ಒಣಗಿ ಅಂಟಿರುತ್ತವೆ. ಮಣ್ಣಿನಲ್ಲಿ ಸೀಸ ಇದ್ದರೆ ಅಲ್ಲೂ ಅದೇ ಇರುತ್ತದೆ. ಇದಕ್ಕೆ ಮದ್ದು ಸುಲಭ. ಪಾತಿಗೆ ಹುಲ್ಲು, ತರಗೆಲೆಯ ಹೊದಿಕೆ ಹಾಕಿ. ಪೈಪಿನಿಂದ ರಭಸವಾಗಿ ನೀರು ಬಿಡುವ ಬದಲು ಹನಿ ನೀರಾವರಿ ಮಾಡಿ. ರಸ್ತೆ ಕಡೆಗೆ ಒತ್ತಾಗಿ ಬೇಲಿ ಬೆಳೆಸಿ, ತರಕಾರಿಯನ್ನು ಒಳಭಾಗಕ್ಕೆ ಸರಿಸಿ.

ಮಣ್ಣು ಸರಿಪಡಿಸುವುದು

ಲೋಹ ತೆಗೆಯೋಕೆ ಆಗದಿದ್ದರೂ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಬಹುದು. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ, ನಿಕಲ್, ಸತು, ಸೀಸ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತವೆ. ರಸಸಾರ 6.5–7ಕ್ಕೆ ಬಂದರೆ ಅವು ಮಣ್ಣಿಗೆ ಅಂಟಿಕೊಳ್ಳುತ್ತವೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕುವುದರಿಂದ ದೊಡ್ಡ ಉಪಕಾರ. ಎಷ್ಟು ಹಾಕಬೇಕು ಎಂದು ಲ್ಯಾಬಿನಲ್ಲೇ ಕೇಳಿ. ಮಣ್ಣಿನ ಜಾತಿ ನೋಡಿ ಅದು ಬದಲಾಗುತ್ತದೆ. ಮೋರಿ ನೀರು ಹರಿದ ಹೊಲಗಳು ಅನೇಕ ಸಲ ಮೊದಲೇ ಕ್ಷಾರದ ಕಡೆಗಿರುತ್ತವೆ. ಅಲ್ಲಿ ಸುಣ್ಣ ಹಾಕಿದರೆ ಪ್ರಯೋಜನ ಇಲ್ಲ.

ಆರ್ಸೆನಿಕ್‌ಗೆ ಮಾತ್ರ ಇದೆಲ್ಲ ಉಲ್ಟಾ. ರಸಸಾರ ಏರಿದರೆ ಅದು ಇನ್ನಷ್ಟು ಸಡಿಲವಾಗುತ್ತದೆ. ರಂಜಕದ ಗೊಬ್ಬರ ಹಾಕಿದರೂ ಮಣ್ಣಿನಿಂದ ಬಿಟ್ಟುಕೊಳ್ಳುತ್ತದೆ. ಯಾದಗಿರಿ, ರಾಯಚೂರು ಕಡೆ ಚಿನ್ನದ ಅದಿರಿನ ಪಟ್ಟಿಯಿರುವ ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದೆ. ಅಲ್ಲಿಯವರು ಮೇಲೆ ಹೇಳಿದ ಸುಣ್ಣದ ಮದ್ದನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಬೋರ್‌ವೆಲ್ ನೀರಿನ ಪರೀಕ್ಷೆಯೇ ಅವರ ಮೊದಲ ಕೆಲಸ.

ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಧಾರಾಳವಾಗಿ ಹಾಕಿ. ಸಾವಯವ ಅಂಶ ಲೋಹವನ್ನು ಹಿಡಿದಿಡುತ್ತದೆ. ಸತುವಿನ ಕೊರತೆ ಇರುವ ಮಣ್ಣಿಗೆ ಶಿಫಾರಸಿನಷ್ಟು ಸತುವಿನ ಸಲ್ಫೇಟ್ ಹಾಕಿದರೆ ಗಿಡ ಕ್ಯಾಡ್ಮಿಯಂ ಹೀರುವುದು ಕಡಿಮೆಯಾಗುತ್ತದೆ. ಆದರೆ ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಕೆಜಿಗೆ ಸೀಸ 100, ಕ್ಯಾಡ್ಮಿಯಂ 5, ನಿಕಲ್ 50, ಕ್ರೋಮಿಯಂ 50 ಮಿ.ಗ್ರಾಂ. ಮೀರಬಾರದು. ವರದಿ ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ಸಣ್ಣ ಕೈತೋಟವಾದರೆ ಇಷ್ಟೆಲ್ಲ ತಲೆನೋವು ಬೇಡ. ಹಳೇ ಮಣ್ಣಿನ ಮೇಲೆ ದಪ್ಪ ಬಟ್ಟೆಯಂಥ ತಡೆ ಹಾಸಿ, 30–45 ಸೆಂ.ಮೀ. ಎತ್ತರದ ಮಡಿ ಕಟ್ಟಿ, ಮೂಲ ಗೊತ್ತಿರುವ ಮಣ್ಣು ತುಂಬಿ. ಸೊಪ್ಪನ್ನು ಅದರಲ್ಲಿ ಬೆಳೆಯಿರಿ.

ಸೂರ್ಯಕಾಂತಿ, ಸಾಸಿವೆ ಹಾಕಿದರೆ ಲೋಹ ಹೋಗುತ್ತಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹೀರುವುದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಸೀಸ 100 ಪಿಪಿಎಂ ಇದ್ದರೆ ಆ ಎಕರೆಯಲ್ಲಿ 90 ಕೆಜಿ ಸೀಸ ಇದೆ ಎಂದಾಯಿತು. ಒಂದು ಬೆಳೆಗೆ 4 ಟನ್ ಒಣ ಸಾಸಿವೆ ಗಿಡ ಬಂತು, ಅದರಲ್ಲಿ ಕೆಜಿಗೆ 200 ಮಿ.ಗ್ರಾಂ. ಸೀಸ ಏರಿತು ಎಂದು ಕೈ ಬಿಚ್ಚಿಯೇ ಇಟ್ಟುಕೊಳ್ಳಿ. ಹೊರಗೆ ಹೋಗುವುದು 0.8 ಕೆಜಿ. ನೂರಕ್ಕೂ ಹೆಚ್ಚು ಬೆಳೆ ಬೇಕು! ಆ ಗಿಡಗಳನ್ನು ತಿನ್ನುವ ಹಾಗಿಲ್ಲ, ದನಕ್ಕೆ ಹಾಕುವ ಹಾಗಿಲ್ಲ, ಗೊಬ್ಬರ ಮಾಡುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಎರಡು ಬೆಳೆ ಸೂರ್ಯಕಾಂತಿ ತೆಗೆದು ಮಣ್ಣು ಶುದ್ಧವಾಯಿತು ಎಂದು ಪಾಲಕ್ ಬಿತ್ತಬೇಡಿ.

ಕಾಲುವೆ ನೀರೇ ಗತಿ ಎನ್ನುವ ರೈತರಿಗೆ

ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತ ಈ ವಿಷವನ್ನು ತಂದವನಲ್ಲ. ಬೆಂಗಳೂರು ತನ್ನ ಮೋರಿ, ಕಾರ್ಖಾನೆ ನೀರನ್ನು ವೃಷಭಾವತಿಗೆ ಬಿಟ್ಟಿತು, ಅವನ ಪಾಲಿಗೆ ಅದೇ ಬಂತು. ಹಾಗಾಗಿ "ಅವರ ತರಕಾರಿ ಬೇಡ" ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವನಿಗೆ ಬೇರೆ ದಾರಿ ಬೇಕು.

ತಿನ್ನದ ಬೆಳೆಗಳು ಮೊದಲ ದಾರಿ. ಚೆಂಡುಹೂ, ಸೇವಂತಿಗೆ, ಕನಕಾಂಬರ, ತರಕಾರಿ ಬಿತ್ತನೆ ಬೀಜ, ಅಲಂಕಾರದ ಗಿಡಗಳ ನರ್ಸರಿ, ಅಂಚಿನಲ್ಲಿ ಹೆಬ್ಬೇವು, ಸಿಲ್ವರ್ ಓಕ್. ರಾಮನಗರದ ರೇಷ್ಮೆ ಪೇಟೆ ಹತ್ತಿರವೇ ಇದೆ ಎಂದು ಹಿಪ್ಪುನೇರಳೆ ಹಾಕುವ ಮುಂಚೆ ಎಲೆ ಪರೀಕ್ಷೆ ಮಾಡಿಸಿ. ಹುಳುವಿಗೂ ಕ್ಯಾಡ್ಮಿಯಂ ಆಗಿಬರುವುದಿಲ್ಲ. ನೇಪಿಯರ್ ಹುಲ್ಲು ಸಲೀಸಾಗಿ ಬೆಳೆಯುತ್ತದೆ ನಿಜ. ಆದರೆ ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ದಾರಿ ಇದೆ. ಮೇವಿನ ಪರೀಕ್ಷೆ ಆಗದೆ ಅದೊಂದನ್ನೇ ತಿನ್ನಿಸಬೇಡಿ.

ತರಕಾರಿಯೇ ಬೇಕು ಎಂದರೆ ಬೋರ್‌ವೆಲ್ ಅಥವಾ ಕೃಷಿ ಹೊಂಡದ ನೀರನ್ನು ತರಕಾರಿಗೆ ಮೀಸಲಿಡಿ, ಕಾಲುವೆ ನೀರನ್ನು ಹೂವಿಗೆ, ಮರಕ್ಕೆ ಬಿಡಿ. ಕಾಲುವೆ ಪಕ್ಕದ ಬೋರ್‌ವೆಲ್ ನೀರನ್ನೂ ಒಮ್ಮೆ ನೋಡಿಸಿ. ನೀರಾವರಿ ನೀರಿನಲ್ಲಿ ಲೀಟರಿಗೆ ಕ್ಯಾಡ್ಮಿಯಂ 0.01, ಕ್ರೋಮಿಯಂ 0.1, ನಿಕಲ್ 0.2 ಮಿ.ಗ್ರಾಂ. ಮೀರಬಾರದು ಎನ್ನುವುದು ವಿಶ್ವಸಂಸ್ಥೆಯ ಕೃಷಿ ಸಂಸ್ಥೆಯ ಸಲಹೆ. ಕಾಲುವೆಯ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ ತಾರೀಖು, ಗಂಟೆ ಸಮೇತ ಫೋಟೊ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ನಾಲ್ಕಾರು ರೈತರು ಒಟ್ಟಾಗಿ ಕೊಟ್ಟರೆ ಒಳ್ಳೆಯದು.

ಅಡುಗೆಮನೆಯಲ್ಲಿ

"ಸಾವಯವ" ಎಂಬ ಚೀಟಿ ಭಾರಲೋಹದ ಬಗ್ಗೆ ಏನೂ ಹೇಳುವುದಿಲ್ಲ. ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕದೆ ಬೆಳೆದರೂ ಮಣ್ಣು, ನೀರು ಕೆಟ್ಟಿದ್ದರೆ ಲೋಹ ಬಂದೇ ಬರುತ್ತದೆ. ಬೇಯಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ಲೋಹಕ್ಕೆ ಏನೂ ಆಗುವುದಿಲ್ಲ. ತೊಳೆಯುವುದರಿಂದ ಹೋಗುವುದು ಮೇಲಂಟಿದ ಮಣ್ಣು ಮಾತ್ರ. ಅದೇ ಸೀಸದ ದೊಡ್ಡ ಪಾಲು, ಆದ್ದರಿಂದ ಚೆನ್ನಾಗಿ ತೊಳೆಯಿರಿ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಅಗಲ ಪಾತ್ರೆಯ ನೀರಿನಲ್ಲಿ ಎರಡು ಮೂರು ಸಲ ಜಾಲಾಡಿ. ಪ್ರತಿ ಸಲವೂ ಸೊಪ್ಪನ್ನು ಮೇಲಕ್ಕೆತ್ತಿ ಆಮೇಲೆ ನೀರು ಚೆಲ್ಲಿ. ಸೊಪ್ಪು ಪಾತ್ರೆಯಲ್ಲಿದ್ದಾಗಲೇ ನೀರು ಬಗ್ಗಿಸಿದರೆ ತಳದ ಕೆಸರು ಮತ್ತೆ ಎಲೆಗೇ ಕೂರುತ್ತದೆ. ಗೆಡ್ಡೆಗಳ ಸಿಪ್ಪೆ ಹೆರೆಯಿರಿ. ಎಲೆಕೋಸಿನ ಹೊರಗಿನ ಎರಡು ಎಲೆ ತೆಗೆದುಹಾಕಿ. ಒಂದೇ ಕಡೆಯಿಂದ ಒಂದೇ ಸೊಪ್ಪು ದಿನಾ ತರಬೇಡಿ.

ಸೊಪ್ಪು ತಿನ್ನುವುದನ್ನೇ ಬಿಡಬೇಡಿ. ದೇಹದಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇದ್ದಾಗ ಕರುಳು ಸೀಸ, ಕ್ಯಾಡ್ಮಿಯಂ ಅನ್ನು ಇನ್ನೂ ಜಾಸ್ತಿ ಹೀರುತ್ತದೆ. ರಕ್ತಹೀನತೆ ಇರುವ ಹೆಂಗಸರು, ಮಕ್ಕಳಿಗೆ ಅಪಾಯ ಹೆಚ್ಚು. ರಾಗಿ, ಹಾಲು, ಕಾಳು, ಒಳ್ಳೆಯ ಮಣ್ಣಿನ ಸೊಪ್ಪು ಅವರಿಗೆ ಬೇಕೇ ಬೇಕು. ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಮಣ್ಣಿನಲ್ಲಿ ಆಡಲು ಬಿಡಬೇಡಿ, ಒಳಗೆ ಬಂದ ತಕ್ಷಣ ಕೈ ತೊಳೆಸಿ. ಅಂಗಳದ ವರದಿಯಲ್ಲಿ ಸೀಸ ಹೆಚ್ಚು ಬಂದಿದ್ದು ಮನೆಯಲ್ಲಿ ಐದಾರು ವರ್ಷದೊಳಗಿನ ಮಗು ಇದ್ದರೆ, ವೈದ್ಯರನ್ನು ಕೇಳಿ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಪ್ರತಿ ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೂಲ ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಣ್ಣಿನ ವರದಿ ಕೈಯಲ್ಲಿದ್ದರೆ ಆ ಹುಡುಕಾಟ ಅರ್ಧ ಮುಗಿದ ಹಾಗೆ. ವೈದ್ಯರ ಹತ್ತಿರ ಹೋಗುವಾಗ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ.